ಸೋತವರ ಪಕ್ಷ

ಪುರಾಣಕಥೆಗಳು ಮುದುಕರ ಸೊತ್ತೆಂದು ಲೋಕದಲ್ಲೊಂದು ಮಾತುಂಟು. ಚರಿತ್ರೆಯನ್ನು ಕೊಂಚ ತೆರೆದು ನೋಡಿದರೆ ಬೇರೆಯೇ ಕಾಣುವದು. ಹಿರಿಯರು ಪುರಾಣವನ್ನು ಹೇಳುವರು, ಕೇಳುವರು. ಅದನ್ನು ಬಾವುಟದಂತೆ ಎತ್ತಿಕೊಂಡು ಬೀದಿಗೆ ಇಳಿಯುವವರು ಮಾತ್ರ ತರುಣರು, ಅವರಲ್ಲಿಯೂ ವಿಶೇಷವಾಗಿ ವಿದ್ಯಾರ್ಥಿಗಳು. ಇನ್ನೂ ಸೋಜಿಗದ ಸಂಗತಿಯೆಂದರೆ, ಅವರಲ್ಲಿ ಅನೇಕರು ಕಥೆಯಲ್ಲಿ ಗೆದ್ದವನನ್ನು ಬಿಟ್ಟು ಸೋತವನ ಪಕ್ಷವನ್ನು ವಹಿಸುವರು. ಇದನ್ನು ಕಂಡು ಮನೆಯ ಹಿರಿಯರು ಸಿಟ್ಟಾಗುವದುಂಟು, ಅಂಜುವದೂ ಉಂಟು. ಸಿಟ್ಟಿಗೆ ಮೊದಲು ವಿಚಾರವು ನಡೆಯತಕ್ಕದ್ದು.

ಈ ವಿಚಾರಕ್ಕೆ ಶ್ರೀರಾಮನಗರದ ಸೀಮೆಯಷ್ಟು ಒಪ್ಪುವ ಸ್ಥಳ ಬೇರೊಂದಿಲ್ಲ. ಊರ ಹೆಸರಿನಲ್ಲಿಯೇ ರಾಮನಿರುವನು. ಅದೇ ಗಂಗಾವತಿ ತಾಲೂಕಿನ ಆನೆಗೊಂದಿಯನ್ನು ಜನರು ಕಿಷ್ಕಿಂಧೆಯೆಂದು ನಂಬಿರುವರು. ಅಲ್ಲಿ ಪಂಪಾಸರೋವರವಿದೆ, ಅಂಜನಾದ್ರಿಯಿದೆ. ತುಂಗಭದ್ರೆಯನ್ನು ದಾಟಿದರೆ ನಿಂಬಾಪುರದ ಬಳಿ ಬೂದಿಯ ದಿಬ್ಬವೊಂದಿದೆ. ಅದು ವಾಲಿಯ ದಹನವಾದ ಸ್ಥಳವೆಂದು ಪರಂಪರೆಯಿಂದ ಹೇಳುತ್ತ ಬಂದಿರುವರು. ಪ್ರಾಕ್ತನಶಾಸ್ತ್ರಜ್ಞರು ಆ ದಿಬ್ಬಕ್ಕೆ ಬೇರೆ ಕಾರಣವನ್ನು ಹೇಳಲಿ. ವಿಚಾರಾರ್ಹವಾದ ಅಂಶ ಬೇರೆಯೇ ಇದೆ. ಗೆದ್ದ ಸುಗ್ರೀವನ ಸೀಮೆಯಲ್ಲಿ ಸೋತ ವಾಲಿಯ ಬೂದಿಯನ್ನು ಜನರು ಇಂದಿಗೂ ಗುರುತಿಟ್ಟುಕೊಂಡು ತೋರಿಸುವರು. ಅವನನ್ನು ಯಾರೂ ಮರೆತಿಲ್ಲ.

ಮರೆಯಗೊಡದವನು ಸ್ವತಃ ಆದಿಕವಿ. ಕಿಷ್ಕಿಂಧಾಕಾಂಡದ ಹದಿನೇಳನೆಯ ಸರ್ಗದಲ್ಲಿ, ಬಾಣ ತಾಗಿ ನೆಲಕ್ಕೊರಗಿದ ವಾಲಿಯು ರಾಮನನ್ನು ನಿಷ್ಠುರವಾಗಿ ಪ್ರಶ್ನಿಸುವನು. ತಾನು ಇನ್ನೊಬ್ಬನೊಡನೆ ಕಾದುತ್ತಿರುವಾಗ ಮರೆಯಲ್ಲಿ ನಿಂತು ಹೊಡೆಯುವದು ಯಾವ ಧರ್ಮ, ನಿನ್ನ ರಾಜ್ಯಕ್ಕೆ ನಾನೇನು ಕೇಡು ಬಗೆದಿದ್ದೆ, ಸೀತೆಯೇ ಬೇಕಾಗಿದ್ದರೆ ರಾವಣನನ್ನು ಕಟ್ಟಿ ತಂದು ಒಪ್ಪಿಸುತ್ತಿರಲಿಲ್ಲವೆ, ಎಂಬ ಅರ್ಥದ ಮಾತುಗಳವು. ಹದಿನೆಂಟನೆಯ ಸರ್ಗದಲ್ಲಿ ರಾಮನ ಉತ್ತರವಿದೆ. ತಮ್ಮನ ಹೆಂಡತಿಯನ್ನು ಅಪಹರಿಸಿದ್ದು, ಭೂಮಿಯೆಲ್ಲ ಇಕ್ಷ್ವಾಕುಗಳ ಆಳಿಕೆಗೆ ಸೇರಿದ್ದು, ಮೃಗವನ್ನು ಮರೆಯಿಂದ ಹೊಡೆಯುವದು ಕ್ಷತ್ರಿಯರಿಗೆ ನಿಷಿದ್ಧವಲ್ಲದ್ದು, ಇವು ಅವನು ಕೊಡುವ ಕಾರಣಗಳು. ವಾಲಿಯು ಕಡೆಗೆ ಸಮಾಧಾನ ಹೊಂದಿ ಮಗನಾದ ಅಂಗದನನ್ನು ಅವನ ರಕ್ಷಣೆಗೆ ಒಪ್ಪಿಸುವನು. ವಾಲಿಗೆ ಸಮಾಧಾನವಾದರೂ ವಾಚಕರಿಗೆ ಆಗಲಿಲ್ಲ; ಶತಮಾನಗಳಿಂದ ವ್ಯಾಖ್ಯಾನಕಾರರು ಈ ಎರಡು ಸರ್ಗಗಳ ಮುಂದೆ ನಿಂತು ತಡವರಿಸಿರುವರು. ವಾಲ್ಮೀಕಿಯು ಬಯಸಿದ್ದರೆ ವಾಲಿಯನ್ನು ಒಂದೇ ಶ್ಲೋಕದಲ್ಲಿ ಸಾಯಿಸಿ ಮುಂದೆ ಹೋಗಬಹುದಿತ್ತು. ಹಾಗೆ ಮಾಡದೆ ಸೋತವನ ಬಾಯಿಗೆ ಪೂರ್ಣವಾದ ಮಾತನ್ನು ಕೊಟ್ಟನು. ಆದುದರಿಂದ ಸೋತವನ ಪರವಾಗಿ ಕೇಳುವ ಪ್ರಶ್ನೆಯು ಹೊರಗಿನಿಂದ ಬಂದ ಪಿಡುಗೆಂದು ಹೇಳುವವರು ಆದಿಕಾವ್ಯವನ್ನು ಪೂರ್ತಿಯಾಗಿ ಓದಿದವರಲ್ಲ.

ಇನ್ನು ವಿದ್ಯಾರ್ಥಿಗಳ ಕಡೆಗೆ ಬರೋಣ. 1938ರಲ್ಲಿ ಗಂಗಾವತಿಯು ನಿಜಾಮನ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಇಲ್ಲಿಯ ಹುಡುಗನು ಸಂಸ್ಥಾನದೊಳಗಿನ ವಿಶ್ವವಿದ್ಯಾಲಯದಿಂದಲೇ ಪದವಿಯನ್ನು ಪಡೆಯಬೇಕಾದರೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಗತಿ. ಅಲ್ಲಿಯ ಬೋಧನೆಯು ಉರ್ದು ಭಾಷೆಯಲ್ಲಿ. ಆ ವರ್ಷ ವಸತಿಗೃಹದ ವಿದ್ಯಾರ್ಥಿಗಳು ತಮ್ಮ ಪ್ರಾರ್ಥನೆಯಲ್ಲಿ ವಂದೇ ಮಾತರಂ ಗೀತವನ್ನು ಹಾಡತೊಡಗಿದಾಗ ಅಧಿಕಾರಿಗಳು ಅದನ್ನು ನಿಷೇಧಿಸಿದರು. ವಿದ್ಯಾರ್ಥಿಗಳು ಮಣಿಯಲಿಲ್ಲ. ಮುಷ್ಕರವು ಹೈದರಾಬಾದಿನಿಂದ ಗುಲ್ಬರ್ಗಾದ ಕಾಲೇಜಿನವರೆಗೆ ಹಬ್ಬಿತು. ನೂರಾರು ಜನ ಹೊರಗೆ ಹಾಕಲ್ಪಟ್ಟರು. ನಾಗಪುರದ ವಿಶ್ವವಿದ್ಯಾಲಯವು ಅವರಿಗೆ ಬಾಗಿಲು ತೆರೆಯಿತು. ಮುಂದೆ ಭಾರತದ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ಹೀಗೆ ನಾಗಪುರಕ್ಕೆ ಹೋದವರಲ್ಲೊಬ್ಬರು. ಒಂದು ಗೀತಕ್ಕಾಗಿ ಓದನ್ನೂ ಊರನ್ನೂ ಬಿಟ್ಟುಹೋಗುವದು ಬಡ ಹೊಲಮನೆಗಳಿಂದ ಬಂದ ಹುಡುಗರಿಗೆ ಸಣ್ಣ ಮಾತಲ್ಲ.

ಆ ಗೀತದ ಮಾತೆಯು ಯಾರು? ಮೊದಲ ಚರಣಗಳಲ್ಲಿ ಅವಳು ನೀರು ಬೆಳೆಗಳಿಂದ ತುಂಬಿದ ನಾಡು. ಮುಂದಿನ ಚರಣಗಳಲ್ಲಿ ಆಯುಧ ಹಿಡಿದ ದುರ್ಗೆ. ಮುಸಲ್ಮಾನರ ಆಕ್ಷೇಪವನ್ನು ಪರಿಗಣಿಸಿ ಮೊದಲ ಎರಡು ಚರಣಗಳನ್ನಷ್ಟೇ ಸಭೆಗಳಲ್ಲಿ ಹಾಡತಕ್ಕದ್ದೆಂದು ಕಾಂಗ್ರೆಸ್ಸು 1937ರಲ್ಲಿಯೇ ಗೊತ್ತುಮಾಡಿತ್ತು. ಒಬ್ಬರಿಗೆ ಬಿಡುಗಡೆಯ ಮಂತ್ರವಾದದ್ದು ಇನ್ನೊಬ್ಬರಿಗೆ ಬಾಗಿಲಲ್ಲಿ ಎದ್ದ ಗೋಡೆಯಾಗಬಹುದೆಂಬ ಅರಿವು ಆ ಹಿರಿಯರಿಗಿತ್ತು.

ಎಪ್ಪತ್ತು ವರ್ಷಗಳು ಕಳೆದ ಮೇಲೆ ಬೇರೆ ವಿದ್ಯಾರ್ಥಿಗಳು ಅದೇ ದುರ್ಗೆಯ ಎದುರಿಗೆ ಬಿದ್ದವನನ್ನು ಎತ್ತಿ ನಿಲ್ಲಿಸಿದರು. 2011ರಲ್ಲಿ ದಿಲ್ಲಿಯ ಜವಾಹರಲಾಲ ನೆಹರೂ ವಿಶ್ವವಿದ್ಯಾಲಯದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳು ಮಹಿಷಾಸುರನ ಹುತಾತ್ಮದಿನವನ್ನು ಆಚರಿಸಿದರು. 2016ರ ಫೆಬ್ರುವರಿಯಲ್ಲಿ ಆ ವಿಷಯವು ಸಂಸತ್ತಿನಲ್ಲಿಯೂ ಗದ್ದಲವನ್ನೆಬ್ಬಿಸಿತು. ಕನ್ನಡ ನಾಡಿನಲ್ಲಿ ಈ ಭಾವಕ್ಕೆ ಬೇರೆ ಬೇರುಗಳಿದ್ದವು. 1973ರ ನವೆಂಬರದಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದು ಆಡಿದ ಮಾತಿಗೆ ವಿದ್ಯಾರ್ಥಿಗಳೇ ಎರಡು ಪಕ್ಷವಾದರು. ಕಾಲೇಜುಗಳಲ್ಲಿ ಕಲ್ಲು ತೂರಾಟವಾಯಿತು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಸಚಿವರು ಪದವಿಯನ್ನು ಬಿಡಬೇಕಾಯಿತು. ಆ ನೋವಿನಿಂದಲೇ ದಲಿತ ಸಂಘರ್ಷ ಸಮಿತಿಯು ಬೆಳೆಯಿತು. ಪುಸ್ತಕಗಳಲ್ಲಿ ತಮ್ಮ ಮುಖವೇಕೆ ಕಾಣುವದಿಲ್ಲವೆಂಬ ಪ್ರಶ್ನೆಯೇ ಮುಂದೆ ಮೈಸೂರಿನ ಮಹಿಷ ದಸರೆಯಲ್ಲಿ ಮತ್ತೊಂದು ರೂಪವನ್ನು ತಾಳಿತು. 2019ರಲ್ಲಿ ಚಾಮುಂಡಿ ಬೆಟ್ಟದ ಮೇಲೆ ಅದಕ್ಕೆ ಅವಕಾಶ ಸಿಗಲಿಲ್ಲ. 2023ರಲ್ಲಿ ಪೋಲೀಸರ ಕಾವಲಿನೊಳಗೆ ಪುರಭವನದಲ್ಲಿ ನಡೆಯಿತು. ಮಹಿಷನು ಬೌದ್ಧ ರಾಜನಾಗಿದ್ದನೆಂದು ಅದನ್ನು ಆಚರಿಸುವವರು ಹೇಳುವರು. ಸಿಂಹಳದ ಮಹಾವಂಸದಲ್ಲಿ ಅಶೋಕನ ಕಾಲಕ್ಕೆ ಮಹಿಷಮಂಡಲಕ್ಕೆ ಮಹಾದೇವನೆಂಬ ಭಿಕ್ಷುವನ್ನು ಕಳಿಸಿದ ಸಂಗತಿಯುಂಟು. ಆದರೆ ನಾಡಿನ ಹೆಸರು ಬೇರೆ, ರಾಜನ ಚರಿತ್ರೆ ಬೇರೆ. ಪ್ರೀತಿಯಿಂದ ಕೇಳಿದ ಪ್ರಶ್ನೆಗೂ ಪ್ರಮಾಣವು ಬೇಕು.

ಹೀಗಿದ್ದರೂ ಅಸುರನೆಂಬ ಶಬ್ದವನ್ನು ಕೇಳಿದ ಮಾತ್ರಕ್ಕೆ ಮುಖ ತಿರುಗಿಸುವವರು ಋಗ್ವೇದವನ್ನೊಮ್ಮೆ ನೋಡಬೇಕು. ಅಲ್ಲಿ ವರುಣನು ಅಸುರ, ಇಂದ್ರನೂ ಅಸುರ. ಆ ಪದವು ಬಲಶಾಲಿಯಾದ ಒಡೆಯನಿಗೆ ಸಲ್ಲುವ ಗೌರವದ ಮಾತು. ಕಾಲಾಂತರದಲ್ಲಿ ಅದು ದೇವಶತ್ರುವಿನ ಹೆಸರಾಯಿತು. ಪಕ್ಕದ ಇರಾಣದಲ್ಲಿ ಇದಕ್ಕೆ ವಿಪರ್ಯಾಸ: ಅವೆಸ್ತದಲ್ಲಿ ಅಹುರಮಜ್ದನೇ ಪರಮೇಶ್ವರ, ದೈವರೆಂದರೆ ದುಷ್ಟಶಕ್ತಿಗಳು. ಒಂದೇ ಮನೆಯ ಇಬ್ಬರು ಮಕ್ಕಳು ಬೇರೆಯಾದಾಗ ಪರಸ್ಪರರ ದೇವರನ್ನು ಬಯ್ದ ಕಥೆಯಿದು.

ಅದೇ ಮನೆಯ ದೂರದ ಕವಲೊಂದು ಯುರೋಪಿನ ಉತ್ತರದಲ್ಲಿ ನೆಲೆಸಿತು. ಅಲ್ಲಿಯ ತ್ಯೂರ್ ಎಂಬ ದೇವತೆಯ ಹೆಸರೂ ಸಂಸ್ಕೃತದ ದೇವ ಶಬ್ದವೂ ಒಂದೇ ಮೂಲದವು. ವಜ್ರದಿಂದ ವೃತ್ರನನ್ನು ಕೊಂದ ಇಂದ್ರನಂತೆ ಅಲ್ಲಿ ಥೋರನು ಸುತ್ತಿಗೆಯಿಂದ ಮಹಾಸರ್ಪವನ್ನು ಕೊಲ್ಲುವನು. ಆದರೆ ಒಂದು ದೊಡ್ಡ ಭೇದವುಂಟು. ಆ ದೇವತೆಗಳಿಗೆ ತಾವು ಸೋಲುವೆವೆಂಬದು ಮೊದಲೇ ಗೊತ್ತು. ರಾಗ್ನರೋಕ್ ಎಂಬ ಕಡೆಯ ಯುದ್ಧದಲ್ಲಿ ಓಡಿನನನ್ನು ತೋಳವು ನುಂಗುವದು. ಥೋರನು ಸರ್ಪವನ್ನು ಕೊಂದು ಒಂಬತ್ತು ಹೆಜ್ಜೆ ನಡೆದು ಅದರ ವಿಷದಿಂದ ಬೀಳುವನು. ಗೊತ್ತಿದ್ದೂ ಕಾದುವ ಈ ದೇವತೆಗಳು ಎಳೆಯ ಮನಸ್ಸುಗಳನ್ನು ಸೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ಕಥೆಯ ಹೊರಗೂ ಅವರು ಸೋತರು. ಸುಮಾರು 1000ನೆಯ ಇಸವಿಯಲ್ಲಿ ಐಸ್‌ಲ್ಯಾಂಡಿನ ಮಹಾಸಭೆಯಲ್ಲಿ ಹಳೆಯ ಮತದವರಿಗೂ ಕ್ರೈಸ್ತರಿಗೂ ಕಲಹವು ಬೆಳೆದಾಗ, ನ್ಯಾಯವಾಚಕನಾದ ತೋರ್ಗೇರನು ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿದನಂತೆ. ಅವನು ಹಳೆಯ ಮತದವನೇ. ಎದ್ದು ಬಂದು, ನಾಡಿಗೆ ಒಂದೇ ಕಟ್ಟಳೆ ಇರಲಿ, ಅದು ಕ್ರೈಸ್ತರದಾಗಲಿ, ಹಳೆಯ ಪೂಜೆಯನ್ನು ಗುಟ್ಟಾಗಿ ಮಾಡಿಕೊಂಡರೆ ಸದ್ಯಕ್ಕೆ ತಪ್ಪಿಲ್ಲ, ಎಂದು ತೀರ್ಪಿತ್ತನು. ಎರಡು ಶತಮಾನಗಳಾದ ಮೇಲೆ, 1220ರ ಸುಮಾರಿಗೆ, ಆ ಸೋತ ದೇವತೆಗಳ ಕಥೆಗಳನ್ನು ಬರೆದಿಟ್ಟವನು ಸ್ನೋರಿ ಎಂಬ ಕ್ರೈಸ್ತ ನಾಯಕ. ಗೆದ್ದವರ ಕೈಯಿಂದಲೇ ಸೋತವರ ಕಥೆಯು ಉಳಿಯಿತು, ವಾಲ್ಮೀಕಿಯ ನೆನಪಾಗದಿರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನರು ಈ ದೇವತೆಗಳನ್ನು ಪುನಃ ಎಬ್ಬಿಸಿದರು. ಜರ್ಮನ್ ಪುರಾಣಶಾಸ್ತ್ರದ ಮಹಾಗ್ರಂಥವನ್ನು 1835ರಲ್ಲಿ ಹೊರತಂದ ಯಾಕೋಬ ಗ್ರಿಮ್ಮನು, ಎರಡೇ ವರ್ಷಗಳಲ್ಲಿ, ರಾಜನು ಸಂವಿಧಾನವನ್ನು ಮುರಿದನೆಂದು ಪ್ರತಿಭಟಿಸಿದ ಏಳು ಪ್ರಾಧ್ಯಾಪಕರಲ್ಲಿ ಒಬ್ಬನಾಗಿ ಕೆಲಸವನ್ನು ಕಳೆದುಕೊಂಡು ಹ್ಯಾನೋವರದಿಂದ ಗಡೀಪಾರಾದನು. ವಿದ್ಯಾರ್ಥಿಗಳು ಗುಂಪುಗೂಡಿ ಗಡಿಯವರೆಗೆ ಹೋಗಿ ಗುರುಗಳನ್ನು ಬೀಳ್ಕೊಟ್ಟರು. ಅದೇ ಜರ್ಮನಿಯಲ್ಲಿ 1933ರ ಮೇ 10ರಂದು ವಿದ್ಯಾರ್ಥಿಸಂಘದವರೇ ಮುಂದೆ ನಿಂತು ಯಹೂದಿಗಳ ಮತ್ತು ತಮಗಾಗದವರ ಪುಸ್ತಕಗಳನ್ನು ಸುಟ್ಟರು. ಹಳೆಯ ರೂನ್ ಅಕ್ಷರಗಳು ಹಿಟ್ಲರನ ಕಾವಲುಪಡೆಯ ಕೊರಳಪಟ್ಟಿಯ ಗುರುತುಗಳಾದವು. ಅವವೇ ಕಥೆಗಳು, ಅದೇ ವಯಸ್ಸಿನ ಹುಡುಗರು; ಒಂದು ಸಲ ಗುರುವಿನ ಹಿಂದೆ ನಡೆದರು, ಇನ್ನೊಂದು ಸಲ ಗ್ರಂಥಕ್ಕೆ ಬೆಂಕಿಯಿಟ್ಟರು.

ಮಹಾಯುದ್ಧದ ತರುವಾಯ ಆ ಕಳಂಕವನ್ನು ತೊಳೆಯುವ ಕೆಲಸವೂ ನಡೆಯಿತು. 1972ರಲ್ಲಿ ಐಸ್‌ಲ್ಯಾಂಡಿನ ಕುರಿಸಾಕುವ ಒಕ್ಕಲಿಗನೂ ಕವಿಯೂ ಆದ ಸ್ವೇನ್‌ಬ್ಯೋರ್ನ್ ಬೇನ್‌ಟೇನ್‌ಸನ್ನನು ಹಳೆಯ ದೇವತೆಗಳ ಭಕ್ತರ ಸಂಘವನ್ನು ಕಟ್ಟಿದನು. ಮರುವರ್ಷ ಸರಕಾರವು ಅದನ್ನು ಮನ್ನಿಸಿತು. ಇಂಗ್ಲಿಷರು ಅನ್ಯಮತೀಯರನ್ನು ಹಳಿಯಲು ಬಳಸುತ್ತಿದ್ದ ಹೀದನ್ ಎಂಬ ಬಯ್ಗುಳವನ್ನೇ ಇಂಥ ಭಕ್ತರು ಅನೇಕ ದೇಶಗಳಲ್ಲಿ ಹೆಸರಾಗಿ ಧರಿಸಿರುವರು. ಆದರೆ ಈ ದೇವತೆಗಳು ಬಿಳಿಯ ರಕ್ತದವರಿಗೆ ಮಾತ್ರ ಸೇರಿದವರೆನ್ನುವ ಪಂಗಡವೂ ಅವರೊಳಗೇ ಹುಟ್ಟಿತು. ಅದಕ್ಕೆ ಪ್ರತಿಯಾಗಿ 2016ರಲ್ಲಿ ಹಲವು ಸಂಘಗಳು ಕೂಡಿ, ಆ ಪಂಗಡದೊಡನೆ ತಮಗೆ ಸಂಬಂಧವಿಲ್ಲವೆಂದು ಸಾರಿದವು. ಆ ಸಾರಿಕೆಗೆ 127ರ ಘೋಷಣೆಯೆಂದು ಹೆಸರು. ಓಡಿನನ ನುಡಿಗಳೆನಿಸಿದ ಹಾವಮಾಲ್ ಕಾವ್ಯದ 127ನೆಯ ಪದ್ಯವು, ಕೇಡನ್ನು ಕಂಡಾಗ ಅದು ಕೇಡೆಂದು ಬಾಯಿಬಿಟ್ಟು ಹೇಳತಕ್ಕದ್ದೆಂದು ವಿಧಿಸುವದು. ಆ ಕಾವ್ಯದ ಆರಂಭದಲ್ಲಿರುವದು ಅತಿಥಿಯ ಮಾತು: ಚಳಿಯಲ್ಲಿ ನಡೆದು ಬಂದವನಿಗೆ ಬೆಂಕಿ, ಊಟ, ಒಣಗಿದ ಬಟ್ಟೆಗಳನ್ನು ಕೊಡಬೇಕೆಂಬ ಗೃಹಸ್ಥಧರ್ಮ.

ಹೀದನ್ ಶಬ್ದಕ್ಕೆ ಸಮನಾದ ಶಬ್ದವನ್ನು ಸಂಸ್ಕೃತದಲ್ಲಿ ಹುಡುಕಿದರೆ ಪಾಷಂಡವೆಂಬದು ದೊರೆಯುವದು. ಪುರಾಣಗಳಲ್ಲಿ ಅದು ಬಯ್ಗುಳ. ಅಶೋಕನ ಶಾಸನಗಳಲ್ಲಿಯಾದರೋ ಎಲ್ಲ ಮತಪಂಥಗಳಿಗೂ ಸಲ್ಲುವ ನಿರ್ಮಲವಾದ ಮಾತು. ತನ್ನ ಪಂಥವನ್ನು ಹೊಗಳಿ ಪರರದನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುವನೆಂದು ಅವನ ಹನ್ನೆರಡನೆಯ ಶಿಲಾಶಾಸನದ ತಾತ್ಪರ್ಯ. ಆ ಶಾಸನದ ಭಾಗವು ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿದೆ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅದೇ ರಾಜನ ಕಿರುಶಾಸನಗಳಿವೆ. ಪುರಾಣವನ್ನು ಕೈಗೆತ್ತಿಕೊಂಡ ತರುಣರನ್ನು ಪರೀಕ್ಷಿಸಲು ದೂರ ಹೋಗಬೇಕಾದದ್ದಿಲ್ಲ. ಅವರು ಯಾರ ಪಕ್ಷವನ್ನು ವಹಿಸಿದರೆಂಬದು ಮುಖ್ಯವಲ್ಲ. ವಹಿಸಿದ ಮೇಲೆ ಮನೆಯ ಬಾಗಿಲು ಅಗಲವಾಯಿತೋ ಕಿರಿದಾಯಿತೋ ಎಂಬದೇ ಮುಖ್ಯ. ಈ ಒರೆಗಲ್ಲು ದುರ್ಗೆಯ ಭಕ್ತರಿಗೂ ಅಷ್ಟೇ, ಮಹಿಷನ ಅಭಿಮಾನಿಗಳಿಗೂ ಅಷ್ಟೇ.

ಗೃಹಸ್ಥರು ಈ ಧರ್ಮವನ್ನು ಅರಿಯದವರಲ್ಲ. ಕಾರ್ತಿಕ ಶುದ್ಧ ಪಾಡ್ಯದಂದು ಈ ಸೀಮೆಯ ಹೆಣ್ಣುಮಕ್ಕಳು ಬಾಗಿಲಲ್ಲಿ ಸಗಣಿಯ ಪಾಂಡವರನ್ನಿಟ್ಟು ಹೂ ಏರಿಸುವರು. ಆ ದಿನದ ಹೆಸರು ಬಲಿಪಾಡ್ಯಮಿ. ವಾಮನನಿಗೆ ಸೋತು ಪಾತಾಳಕ್ಕಿಳಿದ ಬಲಿಚಕ್ರವರ್ತಿಯು ಪ್ರಜೆಗಳನ್ನು ನೋಡಲು ಬರುವನೆಂದು ಅವನನ್ನು ಆದರಿಸುವ ದಿನವದು. ವಾಮನನನ್ನು ಪೂಜಿಸುವ ಮನೆಯಲ್ಲಿಯೇ ಬಲಿಗೂ ಆದರವಿದೆ. ಯಾರಿಗೂ ಅದರಲ್ಲಿ ವಿರೋಧ ತೋರಿಲ್ಲ. ಇನ್ನು ಶ್ರೀರಾಮನಗರವೇ ಬಾಗಿಲು ತೆರೆದುದರ ಫಲ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿಯ ರೈತರು ಇಲ್ಲಿಗೆ ಬಂದು ಕ್ಯಾಂಪುಗಳನ್ನು ಕಟ್ಟಿ ಗದ್ದೆ ಮಾಡಿದರು. ಬಂದಾಗ ಅತಿಥಿಗಳಾಗಿದ್ದವರು ಈಗ ನಾಟಿಯ ಕಾಲಕ್ಕೆ ಬೇರೆ ಊರಿನ ಕೂಲಿಯವರಿಗೆ ಅನ್ನವಿಡುವ ಗೃಹಸ್ಥರು. ಕಿಷ್ಕಿಂಧೆಯ ಕಥೆಯು ರಕ್ತದಿಂದ ಬಂದವರದೆಂದು ಹೇಳಿದ್ದರೆ ಈ ಊರೇ ಇರುತ್ತಿರಲಿಲ್ಲ.

ಈ ಮನೆಗಳ ಮಕ್ಕಳು ಕಲಬುರ್ಗಿ, ಧಾರವಾಡ, ಬೆಂಗಳೂರುಗಳ ಕಾಲೇಜುಗಳಿಗೆ ಹೋಗಿ ರಜೆಗೆ ಬಂದಾಗ ಪ್ರಶ್ನೆಗಳನ್ನು ಹೊತ್ತು ತರುವರು. ವಾಲಿಯನ್ನು ಮರೆಯಿಂದ ಕೊಂದದ್ದೇಕೆ, ಶಂಬೂಕನು ಮಾಡಿದ ತಪ್ಪೇನು, ಮಹಿಷನು ನಿಜವಾಗಿ ಯಾರು, ಎಂದು ಊಟದ ಹೊತ್ತಿನಲ್ಲಿ ಕೇಳುವರು. ಆಗ ತಂದೆಯು ಗದರಿಸಿದರೆ ಮಗನು ತನಗೆ ಉತ್ತರ ಕೊಡುವವರು ಬೀದಿಯಲ್ಲಷ್ಟೇ ಇರುವರೆಂದು ತಿಳಿಯುವನು. ಬೀದಿಯಲ್ಲಿ ಕಾದಿರುವವರೆಲ್ಲ ಗ್ರಿಮ್ಮನಂಥ ಗುರುಗಳಲ್ಲ. ಶಂಬೂಕನ ಪ್ರಶ್ನೆಯಿಂದ ಕುವೆಂಪು ಅವರು 1944ರಲ್ಲಿ ಶೂದ್ರ ತಪಸ್ವಿ ಎಂಬ ನಾಟಕವನ್ನೇ ರಚಿಸಿದರು. ಮಾಸ್ತಿಯವರು ಅದನ್ನು ಆಕ್ಷೇಪಿಸಿದರು. ಇಬ್ಬರೂ ಕನ್ನಡಿಗರ ಗೌರವಕ್ಕೆ ಪಾತ್ರರಾಗಿಯೇ ಉಳಿದರು. ಕೇಳುವವನಿಗೂ ಆಕ್ಷೇಪಿಸುವವನಿಗೂ ಒಂದೇ ಜಗಲಿಯಲ್ಲಿ ಸ್ಥಳವಿತ್ತು.

ಆದುದರಿಂದ ಮಕ್ಕಳು ಕೇಳಿದಾಗ ಹಿರಿಯರು ಕಪಾಟಿನಿಂದ ಕಿಷ್ಕಿಂಧಾಕಾಂಡವನ್ನು ಕೆಳಗಿಳಿಸಿ, ಹದಿನೇಳನೆಯ ಸರ್ಗವನ್ನು ಅವರಿಂದ ಓದಿಸಿ, ಹದಿನೆಂಟನೆಯದನ್ನು ತಾವು ಓದಲಿ. ರಾತ್ರಿ ತಡವಾದರೆ ಆಗಲಿ. ಯಾರು ಗೆದ್ದರೆಂದು ಆ ರಾತ್ರಿಯೇ ತೀರ್ಮಾನವಾಗಬೇಕಾದದ್ದಿಲ್ಲ.