ಹೊರಡಲೊಲ್ಲದ ಮೋಟಾರು

2019ನೆಯ ಇಸವಿಯ ಶ್ರಾವಣದಲ್ಲಿ ನಮ್ಮ ತಾಯಿಯವರ ಕಣ್ಣಿನ ಪೊರೆ ತೆಗೆಸಲು ಚಾಮರಾಜನಗರದಿಂದ ಮೈಸೂರಿಗೆ ಹೊರಡಬೇಕಾಗಿತ್ತು. ವೈದ್ಯರು ಹತ್ತು ಗಂಟೆಗೆ ಬರಹೇಳಿದ್ದರು. ತಾಯಿಯವರನ್ನು ಹಿಂದಿನ ಆಸನದಲ್ಲಿ ಕುಳ್ಳಿರಿಸಿ ಕೀಲಿ ತಿರುಗಿಸಿದೆವು. ಎಂಜಿನು ಗರಗರನೆ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ರೇಗಿ ಮತ್ತೆ ಮತ್ತೆ ತಿರುಗಿಸಿದಷ್ಟೂ ಬ್ಯಾಟರಿಯ ದನಿ ಕುಗ್ಗುತ್ತ ಬಂದಿತು.

ಆಗ ವಿವೇಕ ಮೂಡಿತು. ಎಂಜಿನು ತಿರುಗುವುದೆಂದರೆ ಬ್ಯಾಟರಿಯೂ ಸ್ಟಾರ್ಟರೂ ತಮ್ಮ ಕೆಲಸ ಮಾಡುತ್ತಿವೆಯೆಂದೇ ಅರ್ಥ; ಅವುಗಳನ್ನು ಹಿಂಸಿಸಿ ಫಲವಿಲ್ಲ. ಇನ್ನು ಬೇಕಾದುವು ಮುಖ್ಯವಾಗಿ ಮೂರು: ಗಾಳಿ, ಪೆಟ್ರೋಲು, ಸಕಾಲಕ್ಕೆ ಕಿಡಿ. ಇವುಗಳಲ್ಲಿ ಯಾವುದು ತಪ್ಪಿತು? ಮುಳ್ಳು ಅರ್ಧ ಟ್ಯಾಂಕು ಪೆಟ್ರೋಲು ತೋರಿಸುತ್ತಿತ್ತು.

ನಾವು ದಿಕ್ಕುಗಾಣದೆ ಕುಳಿತಿರಲು ತಾಯಿಯವರು, “ಮಗು, ನೀನು ಕೀಲಿ ತಿರುಗಿಸುತ್ತಲೂ ನನ್ನ ಕೆಳಗೆ ದುಂಬಿಯ ಹಾಗೆ ಗುಂಯ್ ಅನ್ನುತ್ತಿತ್ತಲ್ಲಪ್ಪ, ಇವತ್ತು ಯಾಕೆ ಇಲ್ಲ?” ಎಂದರು.

ನಮ್ಮ ಬಂಡಿಯಲ್ಲಿ ಪೆಟ್ರೋಲಿನ ಪಂಪು ಹಿಂದಿನ ಆಸನದ ಕೆಳಗೇ ಇರುವುದು. ಕೀಲಿ ತಿರುಗಿಸಿದೊಡನೆ ಅದು ಒಂದೆರಡು ಕ್ಷಣ ಗುನುಗಬೇಕು. ಫ್ಯೂಸಿನ ಪೆಟ್ಟಿಗೆ ತೆರೆದು ನೋಡಲು ಪಂಪಿನ ಫ್ಯೂಸು ಸುಟ್ಟಿತ್ತು. ಅಷ್ಟೇ ಆಂಪಿಯರಿನ ಬಿಡಿ ಫ್ಯೂಸನ್ನು ಸಿಕ್ಕಿಸಿದೆವು. ಹೆಚ್ಚಿನದನ್ನು ಹಾಕಿದರೆ ತಂತಿಗಳೇ ಸುಟ್ಟಾವು. ದುಂಬಿ ಗುನುಗಿತು, ಮೋಟಾರು ಹೊರಟಿತು. ಫ್ಯೂಸು ಸುಡಲು ಕಾರಣವಾದ ಸವೆದ ತಂತಿಯನ್ನು ಮೈಸೂರಿನ ಮೇಸ್ತ್ರಿಯೊಬ್ಬನು ಆ ಸಂಜೆಯೇ ಸರಿಪಡಿಸಿದನು.

ಮಂಜುಗಣ್ಣಿನ ತಾಯಿಯವರು ಗುರುತಿಸಿದ ದೋಷ ಕಣ್ಣಿದ್ದ ನಮಗೆ ಹೊಳೆದಿರಲಿಲ್ಲ. ಇಂತಹ ಸಮಯದಲ್ಲಿ ವಾಚಕರು ಕೀಲಿಯೊಡನೆ ಕಾದಾಡದೆ, ಒಂದು ಗಳಿಗೆ ಸುಮ್ಮನಿದ್ದು ಕಿವಿಗೊಡಬೇಕೆಂದು ನಮ್ಮ ಬಿನ್ನಹ.