ಎಸ್.ಪಿ. ರಸ್ತೆಯಲ್ಲಿ ಒಂದು ದಿನ

ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋದವರು ಬಸ್ಸಿನ ಕಿಟಕಿಯಿಂದ ನಮ್ಮ ಕಕ್ಕಿಂಜೆಯನ್ನು ಕಂಡಿರಬಹುದು. ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಟಿಹೋಗುವ ಪೇಟೆ. ಅಡಿಕೆ, ಕಾಳುಮೆಣಸು, ತೆಂಗಿನಕಾಯಿ ಕೇಳಿ, ಧಾರಾಳ ಉಂಟು. ಕಂಪ್ಯೂಟರಿನ ಪ್ರೊಸೆಸರ್ ಕೇಳಿದರೆ ಮಾತ್ರ ಕಷ್ಟ. ಅದೂ ಅಂಗಡಿಗೇ ಬಾರದ ಜಾತಿಯದ್ದು!

ಅದನ್ನು ಹುಡುಕಿಕೊಂಡು 2021ರ ಫೆಬ್ರವರಿಯಲ್ಲಿ ಮಗಳೊಂದಿಗೆ ನಾನೂ ಬೆಂಗಳೂರಿಗೆ ಹೋದೆ. ಅವಳು ಕಾಲೇಜಿನ ಪಾಠವನ್ನು ಮನೆಯಿಂದಲೇ ಕೇಳುತ್ತಿದ್ದಳು. ಜೊತೆಗೆ ಮದುವೆ, ಯಕ್ಷಗಾನಗಳ ವಿಡಿಯೊ ಕತ್ತರಿಸಿ ಜೋಡಿಸಿ ಕೊಟ್ಟು ಫೀಸಿನ ಹಣ ತಾನೇ ದುಡಿಯುತ್ತಿದ್ದಳು. ಇದ್ದ ಯಂತ್ರದಲ್ಲಿ ನಾಲ್ಕು ಕೋರಿನ ಪ್ರೊಸೆಸರ್. ಒಂದು ಮದುವೆ ಮುಗಿಸಲು ಇಡೀ ರಾತ್ರಿ ಬೇಕು. ನಡುವೆ ಕರೆಂಟು ಹೋದರೆ ಮಾಂಗಲ್ಯಧಾರಣೆ ಮತ್ತೆ ಮೊದಲಿನಿಂದ! ಕೆಲಸ ಕೊಡುವವರು ಎಷ್ಟು ದಿನ ಕಾದಾರು, ಹೇಳಿ?

ಅವಳ ಕಣ್ಣು ಬಿದ್ದದ್ದು ಎ.ಎಂ.ಡಿ. ಕಂಪನಿಯ ರೈಜನ್ 7 4700ಜಿ ಎಂಬುದರ ಮೇಲೆ. ಎಂಟು ಕೋರು, ತೆರೆಯ ಮೇಲೆ ಚಿತ್ರ ಮೂಡಿಸುವ ಕೆಲಸವನ್ನೂ ತಾನೇ ಮಾಡುತ್ತದೆ, ಬೇರೆ ಗ್ರಾಫಿಕ್ಸ್ ಕಾರ್ಡು ಬೇಡ. ಆಗ ಚಿಪ್ಪುಗಳ ಅಭಾವ. ಸಾಲದ್ದಕ್ಕೆ ಕಾಣದ ನಾಣ್ಯಗಳನ್ನು ಅಗೆಯುವವರು ಕಾರ್ಡುಗಳನ್ನೆಲ್ಲ ಬಾಚಿಕೊಂಡು ಬೆಲೆಯನ್ನು ಅಟ್ಟಕ್ಕೇರಿಸಿದ್ದರು. ಹಾಗಾಗಿ ಇದೇ ಸರಿ ಅಂದಳು. ಆದರೆ 2020ರ ಜುಲೈಯಲ್ಲಿ ಬಂದ ಈ ಪ್ರೊಸೆಸರನ್ನು ಕಂಪನಿ ಕೊಡುತ್ತಿದ್ದದ್ದು ಇಡೀ ಕಂಪ್ಯೂಟರು ಕಟ್ಟಿ ಮಾರುವ ತಯಾರಕರಿಗೆ ಮಾತ್ರ. ಊಟ ಬೇಕಾದರೆ ಕೂತು ಉಣ್ಣಿ, ಬರೀ ಸಾಂಬಾರು ಪಾರ್ಸೆಲ್ ಇಲ್ಲ ಅನ್ನುವ ಹೋಟೆಲಿನ ಹಾಗೆ!

ಅಂಗಡಿಗೆ ಬರುವ ಪ್ರೊಸೆಸರು ಬಣ್ಣದ ಡಬ್ಬಿಯಲ್ಲಿ, ಕಂಪನಿಯ ವಾರಂಟಿಯೊಂದಿಗೆ ಇರುತ್ತದೆ. ತಯಾರಕರಿಗೆ ಹೋಗುವುದು ಟ್ರೇ ಮಾಲು. ಕೋಳಿಮೊಟ್ಟೆಯ ಹಾಗೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ್ದು. ಡಬ್ಬಿಯೂ ಇಲ್ಲ, ನಮ್ಮಂಥವರಿಗೆ ಕಂಪನಿಯ ವಾರಂಟಿಯೂ ಇಲ್ಲ. ಅದರಲ್ಲಿ ಉಳಿದದ್ದೋ, ಹಳೆ ಯಂತ್ರದಿಂದ ಕಳಚಿದ್ದೋ ಕೈಯಿಂದ ಕೈಗೆ ದಾಟಿ ಪೇಟೆಗೆ ಬರುತ್ತದೆ. ಹಾಗೆ ಬರುವ ಪೇಟೆ ನಮ್ಮ ರಾಜ್ಯದಲ್ಲಿ ಯಾವುದೆಂದರೆ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡು.

ಚಾರ್ಮಾಡಿ ದಾರಿ ಮನೆಯ ಎದುರಿಗೇ ಉಂಟು. ಆದರೂ 2019ರ ಆಗಸ್ಟಿನ ಮಳೆಗೆ ಘಾಟಿ ಕುಸಿದು, ಮೃತ್ಯುಂಜಯ ಹೊಳೆ ತೋಟಗಳಿಗೆ ನುಗ್ಗಿದ್ದನ್ನು ಕಂಡ ಮೇಲೆ ರಾತ್ರಿ ಪ್ರಯಾಣಕ್ಕೆ ನನಗೆ ಆ ಕಡೆ ಮನಸ್ಸಿಲ್ಲ. ಧರ್ಮಸ್ಥಳದಿಂದ ಬಸ್ಸು ಹತ್ತಿ ಶಿರಾಡಿ, ಸಕಲೇಶಪುರ, ಹಾಸನದ ಮೇಲೆ ಬೆಳಗಿನ ಜಾವಕ್ಕೆ ಮೆಜೆಸ್ಟಿಕ್ ಮುಟ್ಟಿದೆವು. ಹಪ್ಪಳ, ಉಪ್ಪಿನಕಾಯಿ ಮಾರಿ ಕೂಡಿಟ್ಟ 25,000 ರೂಪಾಯಿ ನನ್ನ ಸೆರಗಿನ ಒಳಗೆ. ನಿದ್ದೆ ಎಲ್ಲಿಂದ ಬರಬೇಕು?

ಎಸ್.ಪಿ. ರಸ್ತೆ ಟೌನ್‌ಹಾಲಿನಿಂದ ನಡೆದು ಹೋಗುವಷ್ಟು ಹತ್ತಿರ. ಒಂದು ತಲೆಹೊರೆ ಎದುರು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಒಂದು ಕಡೆ ವಯರಿನ ಸುರುಳಿ, ಇನ್ನೊಂದು ಕಡೆ ಬೆಟ್ಟದಷ್ಟು ಕೀಬೋರ್ಡು. ನಮ್ಮ ಅಡುಗೆಮನೆಯ ಕಪಾಟಿನಷ್ಟು ಅಗಲದ ಅಂಗಡಿಯಲ್ಲಿ ಮೂರು ಜನ ಕೂತು ಲಕ್ಷದ ವ್ಯಾಪಾರ! ಒಂದೇ ಉಸಿರಿನಲ್ಲಿ ಕನ್ನಡ, ಹಿಂದಿ, ತಮಿಳು ಮಾತಾಡುತ್ತಾರೆ.

ಏಳು ಅಂಗಡಿಗಳಲ್ಲಿ ಒಂದೇ ಉತ್ತರ: "ಅದು ಲೂಸ್ ಬರಲ್ಲ ಅಮ್ಮಾ, ಕಂಪನಿ ಮಷೀನಲ್ಲೇ ಬರೋದು." ಎಂಟನೆಯವನು ಮೇಜಿನ ಖಾನೆಯಿಂದ ಒಂದನ್ನು ತೆಗೆದ. ಮಗಳ ಮುಖ ಅರಳಿತು. ಹಚ್ಚಿ ತೋರಿಸಿ ಅಂದರೆ, "ಮೊದಲು ದುಡ್ಡು" ಅಂದ. ಮಗಳು ನನ್ನ ಕೈ ಒತ್ತಿದಳು, ಇಬ್ಬರೂ ಹೊರಗೆ ಬಂದೆವು.

ಅವಳು ಹೇಳಿದ ಒಂದು ವಿಷಯವನ್ನು ಇಂಥದ್ದು ಕೊಳ್ಳುವವರೆಲ್ಲ ತಿಳಿದಿರಬೇಕು. ಕೆಲವು ತಯಾರಕರು ತಮ್ಮ ಕೆಲವು ಯಂತ್ರಗಳಲ್ಲಿ ಪ್ರೊಸೆಸರಿಗೆ ಒಳಗಿನಿಂದಲೇ ಬೀಗ ಹಾಕುತ್ತಾರಂತೆ. ಒಮ್ಮೆ ಬಿದ್ದ ಬೀಗ ತೆಗೆಯಲು ಬರುವುದಿಲ್ಲ. ಬೇರೆಯವರ ಬೋರ್ಡಿಗೆ ಕೂರಿಸಿದರೆ ಅದು ಬರೀ ಕಲ್ಲು. ಹೊರಗಿನಿಂದ ನೋಡಿದರೆ ಗೊತ್ತಾಗದು. ಕಳ್ಳತನ, ಕಲಬೆರಕೆ ತಡೆಯಲು ಅನ್ನುತ್ತಾರೆ. ದುಡ್ಡು ಕೊಟ್ಟು ಕೊಂಡ ವಸ್ತು ಹಳತಾದ ಮೇಲೆ ಇನ್ನೊಬ್ಬರಿಗೆ ದಕ್ಕಬಾರದು ಅನ್ನುವುದು ಯಾವ ನ್ಯಾಯವೋ, ನನಗಂತೂ ಒಪ್ಪಿಗೆ ಇಲ್ಲ.

ಮಧ್ಯಾಹ್ನ, ತಂದಿದ್ದ ಪತ್ರೊಡೆ ತಿಂದು, ಒಂದು ಕಟ್ಟಡದ ಎರಡನೇ ಮಹಡಿ ಹತ್ತಿದೆವು. ಅಲ್ಲೊಬ್ಬ ಹಿರಿಯರು. ಮಾತಿಲ್ಲದೆ ಒಂದು ಚಿಕ್ಕ ಪ್ಲಾಸ್ಟಿಕ್ ತಟ್ಟೆ ಮುಂದಿಟ್ಟರು. ನಾಲ್ಕು ಸೆಂಟಿಮೀಟರ್ ಚೌಕದ ಬಿಲ್ಲೆ, ಗೋಡಂಬಿ ಬರ್ಫಿಯಷ್ಟು. ಅದರ ಅಡಿಯಲ್ಲಿ 1331 ಚಿನ್ನದ ಬಣ್ಣದ ಸೂಜಿಗಳು! ಒಂದು ಬಗ್ಗಿದರೂ ಕೆಲಸ ಕೆಟ್ಟಿತು. ಮಗಳು ಮೊಬೈಲಿನ ಬೆಳಕು ಹಿಡಿದು ಸಾಲು ಸಾಲಾಗಿ ನೋಡಿದಳು, ಮೊಳಕೆಕಾಳಿನಲ್ಲಿ ಕಲ್ಲು ಹುಡುಕುವ ಹಾಗೆ. ಅವರು ಬೇಸರಪಡದೆ ಬೇರೊಂದು ಕಂಪನಿಯ ಬೋರ್ಡಿಗೆ ಕೂರಿಸಿ, ಫ್ಯಾನು ಹಚ್ಚಿ ಸ್ವಿಚ್ಚು ಹಾಕಿದರು. ತೆರೆ ಕಪ್ಪು. ಮತ್ತೂ ಕಪ್ಪು. ಸೆರಗು ಹಿಡಿದ ನನ್ನ ಕೈ ಬೆವತಿತ್ತು. ಅರ್ಧ ನಿಮಿಷ ಕಳೆದು ಬೆಳ್ಳಗೆ ಅಕ್ಷರಗಳು ಬಂದವು, 4700ಜಿ ಅಂತ.

ಅವರು ಹೇಳಿದ ಬೆಲೆ 24,000. ಚೌಕಾಸಿಯನ್ನು ನನಗೆ ಬಿಡಲಾಯಿತು, 22,500ಕ್ಕೆ ನಿಂತಿತು. ಬಿಲ್ಲಿನ ಮೇಲೆ ಬಿಲ್ಲೆಯ ನಂಬರು ಬರೆಸಿ, ಒಂದು ತಿಂಗಳ ಅಂಗಡಿ ವಾರಂಟಿಗೆ ಸಹಿ ಹಾಕಿಸಿಕೊಂಡೆ.

ಹೊರಡುವ ಮೊದಲೇ ಮಗಳು ಹಳೆ ಪ್ರೊಸೆಸರ್ ಇರುವಾಗಲೇ ಬೋರ್ಡಿನ ಬಯಾಸನ್ನು ಹೊಸದು ಮಾಡಿಟ್ಟಿದ್ದಳು. ಇಲ್ಲದಿದ್ದರೆ ಹಳೆ ಬೋರ್ಡಿಗೆ ಹೊಸ ಸೊಸೆಯ ಗುರುತೇ ಸಿಗದಂತೆ. ಮನೆಗೆ ಬಂದು ಕೂರಿಸಿದ ದಿನವೇ ಒಂದು ಮದುವೆ ಊಟದ ಹೊತ್ತಿಗೆ ಮುಗಿಯಿತು. 2022ರ ಏಪ್ರಿಲಿನಲ್ಲಿ ಅದೇ ಬಳಗದ ಆರು ಕೋರಿನ 4600ಜಿ ಡಬ್ಬಿಯಲ್ಲೇ ಅಂಗಡಿಗೆ ಬಂತು.

ಎಸ್.ಪಿ. ರಸ್ತೆಗೆ ಹೋಗುವವರು ಮೆಟ್ರೊದಲ್ಲಿ ಮೆಜೆಸ್ಟಿಕ್‌ನಿಂದ ಒಂದೇ ಸ್ಟೇಷನ್ ದಾಟಿ ಚಿಕ್ಕಪೇಟೆಯಲ್ಲಿ ಇಳಿಯಬಹುದು. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಮೇಲಿನ ಮಹಡಿಗಳನ್ನು ಹತ್ತಲು ಮರೆಯಬೇಡಿ.