ಗೊತ್ತಿಲ್ಲದಿದ್ರೆ ಖಾಲಿ ಬಿಡು

ಪ್ರಾಂಪ್ಟ್ ಬರೆಯೋದು ನಮಗೆಲ್ಲ ಬರುತ್ತೆ ಅಂತ ನಾವು ಅಂದುಕೊಂಡಿದ್ದೀವಿ. ಅಸೈನ್‌ಮೆಂಟ್ ಪ್ರಶ್ನೆ ಕಾಪಿ ಮಾಡು, ಚಾಟ್‌ಬಾಟ್‌ಗೆ ಪೇಸ್ಟ್ ಮಾಡು, ಕೊನೇಲಿ 'ಸಿಂಪಲ್ ಆಗಿ ಹೇಳು, ಹತ್ತು ಮಾರ್ಕ್ಸ್‌ಗೆ' ಅಂತ ಸೇರಿಸು. ಇಂಟರ್ನಲ್ಸ್‌ಗೆ ಅಷ್ಟು ಸಾಕು. ಲೈಬ್ರರಿ ಕೆಲಸಕ್ಕೆ ಮಾತ್ರ ಆ ಥರದ ಪ್ರಾಂಪ್ಟ್ ನಡೆಯಲ್ಲ. ಈ ಸೆಮಿಸ್ಟರ್ ನಮ್ಮ ಸಂಘದ ಆರು ಜನ ಲೈಬ್ರರಿಯ ಕನ್ನಡ ಕಪಾಟಿನ ಕೆಲಸಕ್ಕೆ ಕೂತಿದ್ದೀವಿ. ಅಲ್ಲಿ ಕಂಡಿದ್ದನ್ನ ಬರೀತಿದ್ದೀನಿ.

ಎರಡನೇ ಮಹಡಿಯಲ್ಲಿ, ಬೈಂಡ್ ಮಾಡಿಟ್ಟ ಹಳೇ ಜರ್ನಲ್‌ಗಳ ಹಿಂದೆ, ಒಂದು ಕನ್ನಡ ಕಪಾಟು ಇದೆ ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮುನ್ನೂರು ಚಿಲ್ಲರೆ ಪುಸ್ತಕ. ಸುಮಾರು ಪುಸ್ತಕ ದಾನವಾಗಿ ಬಂದಿದ್ದು. ಮುಂದಿನ ವರ್ಷ ಆ ಜಾಗಕ್ಕೆ ಇ-ಲರ್ನಿಂಗ್ ರೂಮ್ ಬರುತ್ತಂತೆ. ಯಾರೂ ತಗೊಂಡು ಹೋಗದ ಪುಸ್ತಕಗಳು ಕೆಳಗಿನ ಸ್ಟೋರ್‌ಗೆ. ಸ್ಟೋರ್‌ಗೆ ಹೋದ ಪುಸ್ತಕ ವಾಪಸ್ ಮೇಲೆ ಬಂದ ಉದಾಹರಣೆ ನಮ್ಮಲ್ಲಿ ಇಲ್ಲ. ಯಾರೂ ಯಾಕೆ ತಗೊಂಡು ಹೋಗಲಿಲ್ಲ ಅಂದ್ರೆ, ಹುಡುಕಿದ್ರೆ ಸಿಗಲ್ಲ, ಅಷ್ಟೇ. ಕ್ಯಾಟಲಾಗ್‌ನಲ್ಲಿ 'ಮೂಕಜ್ಜಿ' ಅಂತ ಕನ್ನಡದಲ್ಲಿ ಟೈಪ್ ಮಾಡಿ ನೋಡಿ, ಸೊನ್ನೆ ರಿಸಲ್ಟ್. ಪುಸ್ತಕ ಕಪಾಟಿನಲ್ಲಿ ಕೂತಿದೆ, ಎರಡು ಪ್ರತಿ.

ತಪ್ಪು ಸಾಫ್ಟ್‌ವೇರ್‌ದಲ್ಲ. ನಮ್ಮಲ್ಲಿರೋದು ಕೋಹಾ, 2000ದಲ್ಲಿ ನ್ಯೂಜಿಲೆಂಡ್‌ನ ಒಂದು ಲೈಬ್ರರಿಯಲ್ಲಿ ಬಳಕೆಗೆ ಬಂದ ಓಪನ್ ಸೋರ್ಸ್ ಸಾಫ್ಟ್‌ವೇರ್. ಯೂನಿಕೋಡ್ ಕನ್ನಡ ಆರಾಮಾಗಿ ತಗೊಳ್ಳುತ್ತೆ. ಆದರೆ ಹಳೇ ಎಂಟ್ರಿಗಳಲ್ಲಿ ಅರ್ಧ ಇಂಗ್ಲಿಷ್ ಅಕ್ಷರದಲ್ಲಿವೆ. ಮೂಕಜ್ಜಿಗೆ ಡಬಲ್ ಓ ಹಾಕಬೇಕಾ, ಬರೀ ಯು ಸಾಕಾ? ಕಾರಂತರ ಹೆಸರಿನ ಕೊನೇಲಿ ಎಚ್ ಇದೆಯಾ? ಟೈಪ್ ಮಾಡಿದವರ ಆ ದಿನದ ಮೂಡ್ ಮೇಲೆ ಇತ್ತು ಅನ್ಸುತ್ತೆ. ಇನ್ನು ಕೆಲವು ಹಳೇ ನುಡಿ ಫಾಂಟ್‌ನಲ್ಲಿ ಹೊಡೆದವು. ಆ ಫಾಂಟ್ ಇಲ್ಲದ ಕಡೆ ಅವು ಕನ್ನಡವೇ ಅಲ್ಲ, ಬೆಕ್ಕು ಕೀಬೋರ್ಡ್ ಮೇಲೆ ನಡೆದ ಹಾಗೆ ಕಾಣುತ್ತವೆ.

ಮುನ್ನೂರು ಪುಸ್ತಕದ ವಿವರ ಮತ್ತೆ ಟೈಪ್ ಮಾಡಬೇಕು, ಎಐ ಇದೆಯಲ್ಲ ಅಂತ ಶುರು ಮಾಡಿದ್ವಿ. ಟ್ರಯಲ್‌ಗೆ ಇಪ್ಪತ್ತು ಪುಸ್ತಕದ ಹೆಸರು ಕೊಟ್ಟು 'ಲೇಖಕರು, ಪ್ರಕಾಶಕರು, ವರ್ಷ, ಐಎಸ್‌ಬಿಎನ್ ಕೊಡು' ಅಂತ ಕೇಳಿದ್ವಿ. ಕುವೆಂಪು, ಕಾರಂತ, ಭೈರಪ್ಪ, ತೇಜಸ್ವಿ ಪುಸ್ತಕಗಳಿಗೆ ಲೇಖಕರ ಹೆಸರು ಪಟಪಟ ಅಂತ ಸರಿಯಾಗಿ ಬಂತು. ಇವರ ಬಗ್ಗೆ ಇಂಟರ್ನೆಟ್ ತುಂಬ ಬರಹ ಇದೆ, ಅದಕ್ಕೆ. ಆದರೆ ಜಿಲ್ಲಾ ಕೇಂದ್ರದ ಯಾವುದೋ ಪ್ರೆಸ್‌ನಲ್ಲಿ ಅಚ್ಚಾದ, ಯಾರೂ ಕೇಳಿರದ ಲೇಖಕರ ಪುಸ್ತಕಗಳಿಗೂ ಅದೇ ಸ್ಪೀಡ್‌ನಲ್ಲಿ ಉತ್ತರ ಬಂತು. ಒಬ್ಬರಿಗೆ ಪ್ರಶಸ್ತಿನೂ ಕೊಡಿಸಿತ್ತು. 1964ರಲ್ಲಿ ಅಚ್ಚಾದ ಒಂದು ಪುಸ್ತಕಕ್ಕೆ 13 ಅಂಕಿಯ ಐಎಸ್‌ಬಿಎನ್ ಕೊಟ್ಟಿತು! ಐಎಸ್‌ಬಿಎನ್ ಅಂತಾರಾಷ್ಟ್ರೀಯ ಮಾನಕ ಆಗಿದ್ದೇ 1970ರಲ್ಲಿ, 13 ಅಂಕಿಗೆ ಏರಿದ್ದು 2007ರಲ್ಲಿ. ಅಂಕಿಗಳನ್ನ ಕ್ರಮವಾಗಿ ಒಂದು, ಮೂರು, ಒಂದು, ಮೂರು ಅಂತ ಗುಣಿಸಿ ಕೂಡಿದ್ರೆ ಮೊತ್ತ 10ರಿಂದ ಭಾಗ ಆಗಬೇಕು. ಇದು ಆ ಟೆಸ್ಟ್‌ನಲ್ಲೂ ಫೇಲ್.

ಯಾಕೆ ಹೀಗೆ? ಮುಂದಿನ ಪದ ಯಾವುದಿರಬಹುದು ಅಂತ ಊಹಿಸೋ ಯಂತ್ರಕ್ಕೆ ನಾವು ನಾಲ್ಕು ಖಾನೆ ತೋರಿಸಿದ್ವಿ. ಖಾನೆ ಕಂಡ್ರೆ ತುಂಬೋದು ಅದರ ಸ್ವಭಾವ. ವೈವಾದಲ್ಲಿ ನಾವೂ ಅದನ್ನೇ ಮಾಡ್ತೀವಿ ಬಿಡಿ. ಯೋಚನೆ ಮಾಡಬೇಕಾದ ವಿಷಯ ಬೇರೆ ಇದೆ: ಎಲ್ಲಿ ನಮಗೆ ಸಹಾಯ ಬೇಕೇ ಇಲ್ಲವೋ ಅಲ್ಲಿ ಅದು ಸರಿ, ಎಲ್ಲಿ ಬೇರೆ ಯಾರಿಗೂ ಗೊತ್ತಿಲ್ಲವೋ ಅಲ್ಲಿ ಕಥೆ ಕಟ್ಟುತ್ತೆ. ಸ್ಟೋರ್‌ಗೆ ಹೋಗಲಿರೋ ಪುಸ್ತಕಗಳು ಇದೇ ಎರಡನೇ ಜಾತಿಯವು.

ಇದನ್ನೆಲ್ಲ ಲೈಬ್ರರಿಯನ್ ಮೇಡಂಗೆ ತೋರಿಸಿದ್ವಿ. ಅವರು ಜೀವನದಲ್ಲಿ ಒಂದು ಪ್ರಾಂಪ್ಟ್ ಬರೆದವರಲ್ಲ. ಆದರೂ ನಮ್ಮ ಪ್ರಾಂಪ್ಟ್‌ನಲ್ಲಿ ಈಗ ಇರೋ ಒಳ್ಳೇ ಸಾಲುಗಳೆಲ್ಲ ಅವರವೇ. ಕ್ಯಾಟಲಾಗ್ ಮಾಡುವವರ ಮೊದಲ ನಿಯಮ, ವಿವರವನ್ನ ಮುಖಪುಟದಿಂದ ತಗೋಬಾರದು, ಒಳಗಿನ ಶೀರ್ಷಿಕೆ ಪುಟದಿಂದ ತಗೋಬೇಕು. ಅಲ್ಲಿ ಇಲ್ಲದ್ದನ್ನ ಬೇರೆ ಕಡೆಯಿಂದ ತಂದು ಸೇರಿಸಿದ್ರೆ ಚೌಕ ಆವರಣದೊಳಗೆ ಹಾಕಬೇಕು. ವರ್ಷ ಅನುಮಾನ ಇದ್ರೆ [1971?] ಅಂತ ಪ್ರಶ್ನೆ ಚಿಹ್ನೆ. ದಶಕ ಮಾತ್ರ ಗೊತ್ತಿದ್ರೆ ಹಳೇ ಪದ್ಧತಿಯಲ್ಲಿ [197-] ಅಂತ ಕೊನೇ ಅಂಕಿ ಬಿಟ್ಟು ಗೆರೆ. ನನಗೆ ಇದು ತುಂಬಾ ಇಷ್ಟ ಆಯ್ತು. ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಅಂತ ಬರೆಯೋಕೆ ಇವರ ಹತ್ತಿರ ಒಂದು ಲಿಪಿಯೇ ಇದೆ. ನಮ್ಮ ಲ್ಯಾಬ್ ರೆಕಾರ್ಡ್‌ನಲ್ಲೂ ಹೀಗೊಂದು ಇರಬೇಕಿತ್ತು.

ಈಗ ಹೆಸರಿನ ಪಟ್ಟಿ ಕೊಡೋದು ಬಿಟ್ಟಿದ್ದೀವಿ. ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿ, ಎರಡು ಫೋಟೋ ತೆಗೆದು ಹಾಕ್ತೀವಿ. ಜೊತೆಗೆ ಈ ಪ್ರಾಂಪ್ಟ್: 'ಈ ಎರಡು ಫೋಟೋಗಳಲ್ಲಿ ಅಚ್ಚಾಗಿರುವುದನ್ನು ಮಾತ್ರ ಬರೆ. ನಿನ್ನ ನೆನಪಿನಿಂದ ಏನನ್ನೂ ಸೇರಿಸಬೇಡ. ಕಾಗುಣಿತ ತಿದ್ದಬೇಡ, ಇರುವ ಹಾಗೇ ಟೈಪ್ ಮಾಡು. ಓದಲಾಗದ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕು. ಪುಟದಲ್ಲಿ ಇಲ್ಲದ ವಿವರದ ಖಾನೆಯನ್ನು ಖಾಲಿ ಬಿಡು, ಖಾಲಿ ಇದ್ದರೆ ಅದು ಸರಿಯಾದ ಉತ್ತರವೇ. ಪ್ರತಿ ವಿವರದ ಪಕ್ಕ ಯಾವ ಫೋಟೋದ ಯಾವ ಸಾಲಿನಿಂದ ತೆಗೆದುಕೊಂಡೆ ಎಂದು ಬರೆ.' ಎಐಗೆ ನೀನು ಅನ್ನಬೇಕಾ ನೀವು ಅನ್ನಬೇಕಾ ಅಂತ ಹತ್ತು ನಿಮಿಷ ಜಗಳ ಆಗಿತ್ತು. ಬೆಂಗಳೂರಿನವರು ನೀನು, ಧಾರವಾಡದವಳು ನೀವು. ಫಲಿತಾಂಶದಲ್ಲಿ ವ್ಯತ್ಯಾಸ ಏನೂ ಕಾಣಲಿಲ್ಲ.

'ಕಾಗುಣಿತ ತಿದ್ದಬೇಡ' ಯಾಕೆ ಅಂದ್ರೆ, ಹಳೇ ಪುಸ್ತಕದ 'ಎಂಬದು' ಅನ್ನೋದನ್ನ ಅದು ಸದ್ದಿಲ್ಲದೆ 'ಎಂಬುದು' ಮಾಡ್ತಿತ್ತು. ಯಾವ ಸಾಲಿನಿಂದ ಅಂತ ಕೇಳೋದು ನಮಗೋಸ್ಕರ, ಚೆಕ್ ಮಾಡೋಕೆ. ಚೆಕ್ ಮಾಡದೆ ಒಂದು ಎಂಟ್ರಿನೂ ಒಳಗೆ ಹೋಗಲ್ಲ ಅಂತ ಮೇಡಂ ಶರತ್ತು. ಆ ಕೆಲಸ ನನ್ನ ಪಾಲಿಗೂ ಬಂತು. ಇಂಗ್ಲಿಷ್ ಮೀಡಿಯಂನವನು, ಬಸ್ ಬೋರ್ಡ್ ಓದ್ತೀನಿ, ವಾಟ್ಸ್ಯಾಪ್ ಓದ್ತೀನಿ. ಐವತ್ತು ವರ್ಷ ಹಳೇ ಮೊಳೆ ಅಚ್ಚಿನ ಒತ್ತಕ್ಷರ ಓದೋಕೆ ಶುರುವಿನಲ್ಲಿ ಒಂದು ಪುಟಕ್ಕೆ ಕಾಲು ಗಂಟೆ. ಎಐ ಎರಡು ಸೆಕೆಂಡ್‌ನಲ್ಲಿ ಓದಿದ್ದನ್ನ ನಾನು ಬೆರಳಿಟ್ಟು ಓದ್ತಿದ್ದೆ. ಈಗ ಸ್ಪೀಡ್ ಬಂದಿದೆ. ಸಿಜಿಪಿಎಗೆ ಸೇರಲ್ಲ ಅನ್ನೋದೊಂದೇ ಬೇಜಾರು.

ಎರಡನೇ ಪ್ರಾಂಪ್ಟ್‌ನಲ್ಲಿ ಎಐ ನಿಜವಾಗಲೂ ಮಿಂಚುತ್ತೆ. 'ಈ ಶೀರ್ಷಿಕೆಯನ್ನ ಕನ್ನಡ ಕೀಬೋರ್ಡ್ ಗೊತ್ತಿಲ್ಲದ ವಿದ್ಯಾರ್ಥಿ ಇಂಗ್ಲಿಷ್ ಅಕ್ಷರದಲ್ಲಿ ಯಾವ್ಯಾವ ರೀತಿ ಟೈಪ್ ಮಾಡಬಹುದು? ಎಂಟು ರೂಪ ಕೊಡು.' ಇಲ್ಲಿ ಅದರ ಊಹೆಯೇ ನಮಗೆ ಬೇಕಾದ್ದು. ನಮ್ಮಂಥವರು ಹೇಗೆ ಬರೀತೀವಿ ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಕಾವ್ಯನಾಮಗಳಿಗೂ ಹೀಗೇ, ಆದರೆ ಅದು ಹೇಳಿದ್ದನ್ನ ಪುಸ್ತಕದಲ್ಲಿ ನೋಡಿಯೇ ಸೇರಿಸ್ತೀವಿ. ತ್ರಿವೇಣಿ ಅಂತ ಹುಡುಕಿದವರಿಗೂ ಅನಸೂಯಾ ಶಂಕರ್ ಅಂತ ಹುಡುಕಿದವರಿಗೂ ಒಂದೇ ಪುಸ್ತಕ ಸಿಗಬೇಕು. ಬೀಚಿಯವರದ್ದು ಇನ್ನೂ ಮಜಾ: 'ಬೀ' ಕನ್ನಡದಲ್ಲಿ, 'ಚಿ' ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಮನುಷ್ಯ. ಸರ್ಚ್ ಬಾಕ್ಸ್‌ಗೆ ತಲೆನೋವು ಕೊಡೋಕೆ ಅಂತಲೇ ಮಾಡಿದ ಹಾಗಿದೆ.

ಡ್ಯೂಯಿ ನಂಬರ್ ಕೊಡೋ ಕೆಲಸ ಮೇಡಂ ತಮ್ಮ ಹತ್ತಿರವೇ ಇಟ್ಕೊಂಡಿದ್ದಾರೆ. ಕನ್ನಡ ಸಾಹಿತ್ಯ 894.814, ಕಾದಂಬರಿ ಆದ್ರೆ ಕೊನೇಲಿ ಇನ್ನೊಂದು 3. ಬರೀ ಹೆಸರು ನೋಡಿ ನಂಬರ್ ಹಾಕಿದ್ರೆ ಭೈರಪ್ಪನವರ 'ವಂಶವೃಕ್ಷ' ವಂಶಾವಳಿ ಶಾಸ್ತ್ರದ 929ರಲ್ಲಿ ಹೋಗಿ ಕೂರುತ್ತೆ ಅಂದ್ರು.

ಕಪಾಟಿನ ಹತ್ತಿರ ಬರದವರಿಗೂ ಇದು ಉಪಯೋಗಕ್ಕೆ ಬರುತ್ತೆ. ಸಿವಿಲ್‌ನ ನನ್ನ ರೂಮ್‌ಮೇಟ್ ಮಿನಿ ಪ್ರಾಜೆಕ್ಟ್ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ. 'ಹತ್ತು ಪೇಪರ್ ಕೊಡು' ಅಂದ್ರೆ ಇಲ್ಲದ ಪೇಪರ್‌ಗಳೂ ಬರುತ್ತವೆ. ಅದರ ಬದಲು 'ಈ ವಿಷಯಕ್ಕೆ ಸಂಶೋಧಕರು ಬಳಸೋ ಹುಡುಕು ಪದಗಳನ್ನ ಕೊಡು' ಅಂತ ಕೇಳಿಸಿದೆ. ನಲ್ಗೊಂಡ ಟೆಕ್ನಿಕ್, ಆಕ್ಟಿವೇಟೆಡ್ ಅಲ್ಯೂಮಿನಾ, ಅಡ್ಸಾರ್ಪ್ಶನ್ ಅಂತ ಬಂತು. ಆ ಪದಗಳನ್ನ ಅವನು ಲೈಬ್ರರಿಯ ಡೇಟಾಬೇಸ್‌ನಲ್ಲಿ ಹಾಕಿದ, ನಿಜವಾದ ಪೇಪರ್ ಸಿಕ್ಕವು. ಓದುಗನ ಸಮಯ ಉಳಿಸಬೇಕು ಅಂತ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಸೇರಿಸಿದ್ದರು. ಗಣಿತದ ಮೇಷ್ಟ್ರಾಗಿದ್ದವರು ಲೈಬ್ರರಿಗೆ ಬಂದವರು. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಕಟ್ಟಿದರು. ಮೇಡಂಗೆ ಅವರ ಮೂರನೇ ಸೂತ್ರ ಪ್ರಿಯ. ಅದರ ಸಾರ, ಓದುವವರೇ ಇಲ್ಲದ ಪುಸ್ತಕ ಅಂತ ಇಲ್ಲ, ಅವರನ್ನ ಹುಡುಕಿಕೊಡೋದು ಲೈಬ್ರರಿಯ ಕೆಲಸ.

ಇವತ್ತಿಗೆ 214 ಪುಸ್ತಕ ಮುಗಿದಿವೆ. ಒಂಬತ್ತು ಪುಸ್ತಕ ಹೊರಗೂ ಹೋಗಿವೆ, ಅದರಲ್ಲಿ ಎರಡು ನಾವೇ ತಗೊಂಡಿದ್ದು. ಖಾಲಿ ಖಾನೆಗಳು ಬಹಳ ಇವೆ. ಒಂದು ನಾಟಕದ ಪುಸ್ತಕಕ್ಕೆ ರಟ್ಟೂ ಇಲ್ಲ, ಶೀರ್ಷಿಕೆ ಪುಟವೂ ಇಲ್ಲ, 5ನೇ ಪುಟದಿಂದ ಶುರು. ಎಐ ಎಲ್ಲ ಖಾನೆ ಖಾಲಿ ಬಿಟ್ಟಿದೆ, ನಾವೂ ಬಿಟ್ಟಿದ್ದೀವಿ. ಕಥೆಯಲ್ಲಿ ಒಬ್ಬ ಬಡ್ಡಿ ಸಾಹುಕಾರ, ಅವನ ಕುರುಡಿ ತಂಗಿ, ಹಾಡೋ ಪೋಸ್ಟ್‌ಮ್ಯಾನ್ ಇದ್ದಾರೆ. ಮನೇಲಿ ಕಂಪನಿ ನಾಟಕ ನೋಡಿದ ಅಜ್ಜ, ಅಜ್ಜಿ ಇದ್ರೆ ಒಂದು ಸಲ ಕೇಳಿ. ಪುಸ್ತಕ ಮೇಡಂ ಟೇಬಲ್ ಮೇಲಿದೆ, ಊಟದ ಬ್ರೇಕ್‌ನಲ್ಲಿ ಬಂದು ನೋಡಬಹುದು.